ಕೆಮ್ಮು ಎಣಿಸುತ್ತಿದ್ದವರು

ಚಾಮರಾಜನಗರದ ರಂಗಮಂದಿರದಲ್ಲಿ ಒಂದು ಕುರ್ಚಿ ಮಾತ್ರ ಉಳಿದೆಲ್ಲ ಕುರ್ಚಿಗಳಿಗೆ ಎದುರಾಗಿರುತ್ತಿತ್ತು. ವೇದಿಕೆಯ ಎಡಗಡೆ, ಮೆಟ್ಟಿಲಿನ ಪಕ್ಕ, ಬೆಳಕು ಅರ್ಧ ಬೀಳುವ ಜಾಗ. ಅವರು ಅಲ್ಲಿ ವೇದಿಕೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂರುತ್ತಿದ್ದರು. ತೊಡೆಯ ಮೇಲೆ ಆವತ್ತಿನ ನಾಟಕದ ಪ್ರತಿ, ಕೈಯಲ್ಲಿ ಕೆಂಪು ಪೆನ್ಸಿಲ್ಲು. ಬೆನ್ನ ಹಿಂದೆ ಯುದ್ಧವೇ ನಡೆದರೂ ತಿರುಗಿ ನೋಡುತ್ತಿರಲಿಲ್ಲ. ಹೊಸಬರು ಅವರನ್ನು ಮಫ್ತಿಯಲ್ಲಿರುವ ಪೊಲೀಸಿನವರೆಂದೋ, ತನ್ನ ಸರದಿ ಕಾಯುತ್ತಿರುವ ನಟನೆಂದೋ ತಿಳಿಯುತ್ತಿದ್ದರು. ಒಮ್ಮೆ ಮುಂದಿನ ಸಾಲಿನ ಮಗುವೊಂದು ನಾಟಕ ಮುಗಿಯುವ ತನಕ ಅವರನ್ನೇ ನೋಡಿ, ಕೊನೆಗೆ ಅವರಿಗೇ ಚಪ್ಪಾಳೆ ತಟ್ಟಿತು.

ಸಭೆಯಲ್ಲಿ ಯಾರಾದರೂ ಕೆಮ್ಮಿದರೆ, ಆ ಹೊತ್ತಿಗೆ ವೇದಿಕೆಯ ಮೇಲೆ ನಡೆಯುತ್ತಿದ್ದ ಮಾತಿನ ಪಕ್ಕ, ಪುಟದ ಅಂಚಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. ಯಾರಾದರೂ ಎದ್ದು ಹೊರಗೆ ಹೋದರೆ ಒಂದು ಗೀಟು. ನಾಟಕ ಚೆನ್ನಾಗಿತ್ತೇ ಎಂದು ಕೇಳಿದರೆ ಪುಟ ತಿರುವಿ ಚುಕ್ಕಿ ತೋರಿಸುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ನಮ್ಮ ರಂಗಬಳಗದ ಪತ್ರಿಕೆಗೆ ಅವರ ಬಗ್ಗೆ ಬರೆಯಬೇಕೆಂದು ನನಗೆ ಹೇಳಿದ್ದಾರೆ. ಮೂರು ವರ್ಷ ಪಕ್ಕದಲ್ಲಿ ಕೂತು ಬರೆದುಕೊಂಡವಳು ನಾನೇ ಆದ್ದರಿಂದ ತಪ್ಪಿಸಿಕೊಳ್ಳಲು ಕಾರಣ ಸಿಗಲಿಲ್ಲ. ಹೆಸರು ಹಾಕುವುದಿಲ್ಲ, ಅದು ಅವರದೇ ನಿಯಮ. ಇದನ್ನು ಮೆಚ್ಚುಗೆಯ ಬರಹವೆಂದು ಯಾರೂ ಓದಬೇಕಾಗಿಲ್ಲ. ನನ್ನದೊಂದು ನಾಟಕ ಎಂಟು ತಿಂಗಳು ಅವರ ಹತ್ತಿರ ಇತ್ತು. ಅದು ನಾಟಕವಾಗಿದೆಯೋ ಇಲ್ಲವೋ ಎಂಬ ಒಂದು ಮಾತು ನನಗೆ ಅವರಿಂದ ಬೇಕಾಗಿತ್ತು. ಅವರು ಹೇಳಲಿಲ್ಲ.

ಹುಟ್ಟಿದ್ದು ಬೇಗೂರಿನಲ್ಲಿ, ಮನೆ ಇದ್ದದ್ದು ಗುಂಡ್ಲುಪೇಟೆಯಲ್ಲಿ. ಕೆಲಸ ತೂಕ ಮತ್ತು ಅಳತೆ ಇಲಾಖೆಯಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗಡಿ, ಮಂಡಿ, ಪೆಟ್ರೋಲ್ ಬಂಕುಗಳಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ತೂಕದ ಕಲ್ಲುಗಳಿಗೆ ಮುದ್ರೆ ಹಾಕಿ ನಿವೃತ್ತರಾದವರು. ಅವರು ಯಾವ ಪದವಿಗೂ ನಾಟಕ ಓದಿರಲಿಲ್ಲ. ನಮ್ಮ ಬಳಗದವರು ತಿಂಗಳಿಗೊಂದು ನಾಟಕ ಕರೆಸಿ, ಮಾರನೆಯ ಬೆಳಿಗ್ಗೆ ನಾಟಕಕಾರರನ್ನೋ ನಿರ್ದೇಶಕರನ್ನೋ ವಿಮರ್ಶಕರನ್ನೋ ಕೂರಿಸಿಕೊಂಡು ಸಂವಾದ ನಡೆಸುತ್ತಾರೆ. ರಂಗಮಂದಿರದ ಹಿಂದಿನ ಕೋಣೆಯಲ್ಲಿ ಮೂವತ್ತು ಕುರ್ಚಿ, ಇಪ್ಪತ್ತು ಜನ, ಇಡ್ಲಿ, ಕಾಫಿ. ಪ್ರಶ್ನೆ ಕೇಳುವ ಕೆಲಸ ಅವರದು. ಫೋನಿನಲ್ಲಿ ಧ್ವನಿ ಹಿಡಿದು, ಬರೆದು, ತಿದ್ದಿ ಅಚ್ಚಿಗೆ ಕಳಿಸುವುದು ನನ್ನದು. ನಾನು ಆಗ ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು ಇಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ರಂಗಭೂಮಿಯ ಬಗ್ಗೆ ಸಾಕಷ್ಟು ಓದಿದ್ದೆ. ತೂಕದ ಇನ್ಸ್‌ಪೆಕ್ಟರೊಬ್ಬರ ಪ್ರಶ್ನೆಗಳನ್ನು ಬರೆದುಕೊಳ್ಳಬೇಕಲ್ಲ ಎಂದು ಮೊದಲು ಬೇಸರವೇ ಆಗಿತ್ತು.

ಆ ಬೇಸರ ಎರಡನೆಯ ಸಂವಾದಕ್ಕೆ ಹೋಯಿತು. ಬಂದಿದ್ದವರು ಮೈಸೂರಿನ ಹಿರಿಯ ನಾಟಕಕಾರರು. ಎಲ್ಲರೂ ಸಮಕಾಲೀನತೆ, ಆಶಯ ಎಂದು ಕೇಳಿ ಮುಗಿಸಿದ ಮೇಲೆ ಇವರು ಪ್ರತಿಯನ್ನು ಬಿಡಿಸಿಕೊಂಡರು.

"ಎರಡ್ನೇ ಅಂಕದಲ್ಲಿ ಆ ತಮ್ಮ ಬಂದು ಕಾಗ್ದ ಓದ್ತಾನಲ್ಲ ಸ್ವಾಮಿ, ಅಲ್ಲಿ ಹದ್ನಾಲ್ಕು ಜನ ಕೆಮ್ಮುದ್ರು. ಯಾಕ?"

ನಾಟಕಕಾರರು ನಕ್ಕರು. "ಚಳಿಗಾಲ ಅಲ್ವೇ ಸಾರ್."

"ಚಳಿ ಮೊದಲ್ನೇ ಅಂಕದಲ್ಲೂ ಇತ್ತಲ್ಲ. ಅಲ್ಲಿ ಮೂರೇ ಜನ."

ನಾಟಕಕಾರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಆ ಕಾಗದದ ಪ್ರಸಂಗ ತಾವು ಮೊದಲು ಬರೆದದ್ದರಲ್ಲಿ ಇರಲೇ ಇಲ್ಲ ಎಂದರು. ನಾಯಕ ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬರಲು ಸಮಯ ಸಾಲದೆಂದು ನಿರ್ದೇಶಕರು ಒತ್ತಾಯ ಮಾಡಿದ್ದರಂತೆ; ತಾವು ಹೋಟೆಲಿನ ಮೇಜಿನ ಮುಂದೆ ಕೂತು ಒಂದೇ ಸಲಕ್ಕೆ ಬರೆದುಕೊಟ್ಟಿದ್ದರಂತೆ. ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಲ್ಲ ಎಂದರು. ಆಮೇಲೆ ಒಂದೂವರೆ ಗಂಟೆ, ತಮ್ಮ ನಾಟಕದಲ್ಲಿ ಎಲ್ಲೆಲ್ಲಿ ತೇಪೆ ಹಾಕಿದೆ ಎಂದು ಅವರೇ ಹೇಳುತ್ತ ಹೋದರು. ಒಬ್ಬ ಬರಹಗಾರ ಅಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದನ್ನು ನಾನು ಯಾವ ಸಂದರ್ಶನದಲ್ಲೂ ಓದಿರಲಿಲ್ಲ.

ಅದನ್ನು ಶ್ರದ್ಧೆಯಿಂದ ಬರೆದು, ಪ್ರಶ್ನೆ ಕೇಳಿದ್ದ ಇವರಿಗೆ ತೋರಿಸಿದೆ. ಅವರು ಕೆಂಪು ಪೆನ್ಸಿಲ್ಲಿನಿಂದ ತಮ್ಮ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿದರು. ಉತ್ತರ ಮಾತ್ರ ಇರಲಿ, ನನ್ನ ಹೆಸರೂ ಬೇಡ, ಮಾತೂ ಬೇಡ ಎಂದರು. ಪ್ರಶ್ನೆಯಿಲ್ಲದೆ ಉತ್ತರ ಅರ್ಥವಾಗುವುದಿಲ್ಲವೆಂದು ವಾದಿಸಿದೆ.

"ತೂಕ ಆಕೋನು ತಕ್ಕಡಿ ಮ್ಯಾಲ ಕೈ ಇಡ್ಬಾರ್ದು ಕಣಮ್ಮಿ," ಎಂದರು. ಅವರಿಗೆ ಅದರಲ್ಲಿ ಚರ್ಚೆಗೆ ಅವಕಾಶವೇ ಇರಲಿಲ್ಲ.

ಹಾಗಾಗಿ ಪತ್ರಿಕೆಯಲ್ಲಿ ಆ ಹಿರಿಯರು ಆಶಯದ ಬಗ್ಗೆ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ "ಚಳಿಗಾಲ ಅಲ್ವೇ" ಎಂದು ಹೇಳಿ, ಮರುಸಾಲಿನಲ್ಲಿ ಬಟ್ಟೆ ಬದಲಿಸುವ ವಿಷಯಕ್ಕೆ ಬಂದರು. ನಾಟಕಕಾರರಿಗೆ ವಯಸ್ಸಾಯಿತೇ ಎಂದು ಉಡಿಗಾಲದ ಓದುಗರೊಬ್ಬರು ಕಾಗದ ಬರೆದರು. ಮೂರು ವರ್ಷದ ಸಂಚಿಕೆಗಳಲ್ಲಿ ಅವರದೆಂದು ಹೇಳಬಹುದಾದ ಒಂದು ವಾಕ್ಯವೂ ಇಲ್ಲ. ಈಗ ಅವರ ಬಗ್ಗೆ ಬರೆಯಬೇಕಾದಾಗ ಆ ಸಂಚಿಕೆಗಳನ್ನು ಹರಡಿಕೊಂಡು ಕೂತರೆ, ಕಾಣುವುದು ಯಾರಿಗೋ ಯಾವುದಕ್ಕೋ ಕೊಟ್ಟ ಉತ್ತರಗಳು ಮಾತ್ರ. ಫೋನಿನ ಧ್ವನಿಮುದ್ರಣಗಳಲ್ಲಿಯಾದರೂ ಇರಬಹುದೆಂದು ಹುಡುಕಿದೆ. ತಮ್ಮ ಮುಖ್ಯವಾದ ಮಾತು ಬರುವ ಹೊತ್ತಿಗೆ ಸರಿಯಾಗಿ ಅವರು ಕೈಚಾಚಿ ಫೋನನ್ನು ಬೋರಲು ಹಾಕುತ್ತಿದ್ದರು. ಅಲ್ಲಿಂದ ಮುಂದೆ ಮೇಜಿನ ಗೊರಗೊರ ಸದ್ದು.

ಬೆಂಗಳೂರಿನಿಂದ ಬಂದಿದ್ದ ವಿಮರ್ಶಕರೊಬ್ಬರು ಪ್ರೇಕ್ಷಕ ನಾಟಕದಲ್ಲಿ ಹೇಗೆ ಪಾಲ್ಗೊಳ್ಳುತ್ತಾನೆ ಎಂಬ ಬಗ್ಗೆ ಒಂದು ಗಂಟೆ ಮಾತಾಡಿದ್ದರು. ಮುಗಿದ ಮೇಲೆ ಇವರು ತುಂಬ ವಿನಯದಿಂದ ಒಂದು ಸಂದೇಹ ಇದೆ ಎಂದರು. "ನೀವು ನೆನ್ನ ಮೂರ್ನೇ ಸಾಲಲ್ಲಿ ಕೂತಿದ್ರಿ. ಆ ಸಾಲಲ್ಲಿ ನಿದ್ದ ಮಾಡುದ್ದು ನೀವೊಬ್ರೇ. ಕೆಮ್ಮುಕ್ಕ ಚುಕ್ಕಿ ಅದ, ಎದ್ದೋದ್ರ ಗೀಟು ಅದ. ನಿದ್ದಗ ನನ್ ತಾವ ಗುರ್ತಿಲ್ಲ. ಯಾನ ಇಡ್ಬೇಕು?" ಅವರು ಕುಹಕ ಮಾಡುತ್ತಿರಲಿಲ್ಲ. ಉತ್ತರ ಬಂದರೆ ಬರೆದುಕೊಳ್ಳಲು ಪೆನ್ಸಿಲ್ಲು ಹಿಡಿದು ನಿಜವಾಗಿ ಕಾಯುತ್ತಿದ್ದರು. ವಿಮರ್ಶಕರು ಊಟಕ್ಕೆ ನಿಲ್ಲದೆ ಹೊರಟರು. ಅವರನ್ನು ಬಸ್ ನಿಲ್ದಾಣದ ತನಕ ಕಳಿಸಿಕೊಟ್ಟು, ದಾರಿಯುದ್ದಕ್ಕೂ ಕ್ಷಮೆ ಕೇಳಿದ್ದು ನಾನು.

ಅವರ ಲೆಕ್ಕ ತಪ್ಪುವುದನ್ನೂ ಒಂದು ಸಲ ನೋಡಿದ್ದೇನೆ. ಸಂಗೀತ ನಾಟಕವೊಂದು ಬಂದಿತ್ತು. ಹಾಡುಗಳನ್ನು ಮೊದಲೇ ಧ್ವನಿಮುದ್ರಿಸಿ ದೊಡ್ಡ ಸ್ಪೀಕರುಗಳಲ್ಲಿ ಹಾಕಿದ್ದರು. ಮಾರನೆಯ ದಿನ ಆ ತರುಣ ನಿರ್ದೇಶಕನಿಗೆ, ನಿಮ್ಮ ಹಾಡುಗಳಲ್ಲಿ ಒಂದು ಚುಕ್ಕಿಯೂ ಬಿದ್ದಿಲ್ಲ ಎಂದರು. ಆತ ಹಿಗ್ಗಿದ. ಇವರು ಮುಂದುವರಿಸಿದರು: "ಕೆಮ್ಮು ಕೇಳುಸ್ದೆ ಇದ್ರ ಚುಕ್ಕಿ ಎಂಗ ಇಡ್ಬೇಕು? ಹಾಡು ಬರೂಗಂಟ ಜನ ತಡ್ಕಂಡಿದ್ದು, ಹಾಡು ಶುರುವಾದೇಟ್ಗ ಎಲ್ರೂ ಕೆಮ್ಬುಟ್ರು. ಬಾಯ್ಗ ಕೈ ಅಡ್ಡ ಇಟ್ಕಂಡದ್ದು ಕಾಣ್ತಿತ್ತು."

"ಹಾಗಾದ್ರೆ ಸಂಗೀತ ನಾಟಕಕ್ಕೆ ನಿಮ್ಮ ಲೆಕ್ಕ ನಡೆಯಲ್ಲ ಅನ್ನಿ," ಎಂದ ಆತ, ಸೋಲೊಪ್ಪದೆ.

ಅವರು ಬಹಳ ಹೊತ್ತು ಯೋಚಿಸಿ, ನಡೆಯಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಬೇಗೂರಿನ ಹಾರ್ಮೋನಿಯಂ ಮೇಷ್ಟ್ರೊಬ್ಬರ ವಿಷಯ ಹೇಳಿದರು. ಇವರು ಚಿಕ್ಕವರಿದ್ದಾಗ ಊರಿನವರಿಗೆ ನಾಟಕ ಕಲಿಸುತ್ತಿದ್ದ ಆ ಮೇಷ್ಟ್ರು, ಹಾಡಿನ ನಡುವೆ ಬೇಕೆಂದೇ ಗಾಳಿ ಹಾಕುವ ಕೈ ನಿಲ್ಲಿಸಿಬಿಡುತ್ತಿದ್ದರಂತೆ. ನಟ ಬರಿಯ ಗಂಟಲಲ್ಲಿ ನಾಲ್ಕು ಮಾತ್ರೆ ಹಾಡಬೇಕು. ಆ ನಾಲ್ಕು ಮಾತ್ರೆಯಲ್ಲಿ ಮೇಷ್ಟ್ರು ತಲೆ ಓರೆ ಮಾಡಿ ಜನರನ್ನು ಆಲಿಸುತ್ತಿದ್ದರಂತೆ. ಜನ ಗಲಾಟೆ ಮಾಡುತ್ತಿದ್ದರೆ ಮುಂದಿನ ಚರಣ ಬಿಟ್ಟುಬಿಡುವುದು, ಸುಮ್ಮನಿದ್ದರೆ ಇನ್ನೊಂದು ಸಲ ಹಾಡಿಸುವುದು. ಕೆಮ್ಮು ಕೇಳುವುದನ್ನು ತಾವು ಕಲಿತದ್ದು ಅಲ್ಲಿಂದ ಎಂದರು. ಈ ಮಾತು ಬರುವಾಗಲೂ ಫೋನು ಬೋರಲು ಬಿದ್ದಿತ್ತು, ನೆನಪಿನಿಂದ ಬರೆಯುತ್ತಿದ್ದೇನೆ.

ಇಂಥವರ ಕೈಗೆ ನನ್ನ ನಾಟಕ ಕೊಡುವುದಕ್ಕೆ ಒಂದು ವರ್ಷ ಧೈರ್ಯ ಬರಲಿಲ್ಲ. ಬರೆದಿದ್ದೇನೆಂದು ಮನೆಯಲ್ಲಿಯೂ ಹೇಳಿರಲಿಲ್ಲ. ಒಂದೇ ಮನೆಯನ್ನು ನಡುಗೋಡೆ ಹಾಕಿ ಹಂಚಿಕೊಂಡು, ಹನ್ನೊಂದು ವರ್ಷದಿಂದ ಮಾತು ಬಿಟ್ಟಿರುವ ಅಕ್ಕತಂಗಿಯರ ನಾಟಕ ಅದು. ನಲವತ್ತಾರು ಪುಟ. ಅವರಿಗೆ ಕೊಡುವಾಗ, ಮೂವತ್ತೊಂದನೆಯ ಪುಟ ಸರಿಯಾಗಿಲ್ಲ, ತೆಗೆಯುತ್ತೇನೆ ಎಂದು ನಾನೇ ಹೇಳಿದೆ. ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಸೀಸದ ಕಡ್ಡಿಯಲ್ಲಿ ಗೆರೆಯನ್ನೂ ಎಳೆದಿದ್ದೆ. ಅವರು ಪ್ರತಿಯನ್ನು ಕೈಯಲ್ಲಿ ಹಿಡಿದು, ತೂಕ ನೋಡುವವರ ಹಾಗೆ ಒಮ್ಮೆ ಮೇಲೆ ಕೆಳಗೆ ಆಡಿಸಿ, ಬಟ್ಟೆಯ ಚೀಲಕ್ಕೆ ಹಾಕಿಕೊಂಡರು.

ಸಂವಾದ ಮುಗಿದ ಮೇಲೆ ಅವರನ್ನು ಗುಂಡ್ಲುಪೇಟೆ ಬಸ್ಸಿಗೆ ಹತ್ತಿಸಿ ಬರುವುದು ನನ್ನ ರೂಢಿ. ಬಸ್ಸು ಹೊರಡುವ ಮೊದಲು ಹತ್ತು ನಿಮಿಷ ನಿಲ್ಲುತ್ತಿತ್ತು. ಅವರು ಒಳಗೆ ಹೋಗಿ ಕಿಟಕಿಯ ಪಕ್ಕ ಟವೆಲ್ ಹಾಕಿ ಮತ್ತೆ ಬಾಗಿಲಿಗೆ ಬಂದು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಲ್ಲುವರು. ಕೋಣೆಯಲ್ಲಿ ಆಡದ ಮಾತುಗಳನ್ನು ಅಲ್ಲಿ ಆಡುತ್ತಿದ್ದರು: ಯಾವ ನಟಿ ಮಾತಿನ ನಡುವೆ ಉಸಿರು ಎಲ್ಲಿ ಎಳೆದುಕೊಂಡಳು, ಯಾವ ನಾಟಕದ ಗುಟ್ಟು ಜನರಿಗೆ ಮೊದಲೇ ಗೊತ್ತಾಗಿಬಿಟ್ಟಿತ್ತು, ಹೀಗೆ. ಬೇರೆಯವರ ನಾಟಕಗಳ ಬಗ್ಗೆ ಆ ಮೆಟ್ಟಿಲ ಮೇಲೆ ನಿಂತು ಹೇಳಿದ್ದರಲ್ಲಿ ಅರ್ಧವನ್ನಾದರೂ ನಾನು ಬರೆದಿಟ್ಟುಕೊಂಡಿದ್ದರೆ ಒಂದು ಪುಸ್ತಕವಾಗುತ್ತಿತ್ತು.

ನನ್ನ ನಾಟಕದ ಮಾತು ಮಾತ್ರ ಬರಲಿಲ್ಲ. ಮೊದಲ ತಿಂಗಳು ನಾನು ಕೇಳಲಿಲ್ಲ. ಎರಡನೆಯ ತಿಂಗಳು ಓದಿದಿರಾ ಎಂದೆ. "ಓದೋದೇನ ಓದ್ದಿ. ಇನ್ನೂ ಕೇಳ್ನಿಲ್ಲ," ಎಂದರು. ನನಗೆ ಅದು ಜಾಣತನದ ಉತ್ತರ ಅನ್ನಿಸಿತು. ಆಡದೇ ಇರುವ ನಾಟಕವನ್ನು ಎಲ್ಲಿಂದ ಕೇಳುತ್ತಾರೆ? ಮೂರನೆಯ ತಿಂಗಳು ಅದೇ ಉತ್ತರ. ನಾಲ್ಕನೆಯ ತಿಂಗಳು, ಶುರು ಮಾಡಿದ್ದೇನೆ ಎಂದರು. ಏನನ್ನು ಎಂದು ಕೇಳಿದರೆ ಕಂಡಕ್ಟರ್ ಬಂದನೆಂದು ಒಳಗೆ ಹೋದರು. ಕಂಡಕ್ಟರ್ ಇನ್ನೂ ಟೀ ಅಂಗಡಿಯಲ್ಲಿದ್ದ.

ಏಳನೆಯ ತಿಂಗಳು ನನ್ನ ತಾಳ್ಮೆ ಮುಗಿದಿತ್ತು. ಮೈಸೂರಿನ ಒಂದು ತಂಡದವರು ಹೊಸ ನಾಟಕ ಹುಡುಕುತ್ತಿದ್ದರು. ಆ ತಿಂಗಳೊಳಗೆ ಕಳಿಸಬೇಕಿತ್ತು. ಅವರು ಒಂದು ಮಾತು ಹೇಳದೆ ಕಳಿಸಲು ನನಗೆ ಮನಸ್ಸಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ನೇರವಾಗಿಯೇ ಕೇಳಿದೆ. ಇಷ್ಟವಾಗದಿದ್ದರೆ ಇಲ್ಲ ಎಂದು ಹೇಳಿಬಿಡಿ, ನನಗೆ ಬೇಸರವಿಲ್ಲ ಎಂದೆ. ಬೇಸರ ಧ್ವನಿಯಲ್ಲೇ ಇತ್ತು.

ಅವರು ಚೀಲದ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಕೆಮ್ಮು ಜಾಸ್ತಿ ಅದ ಕಣಮ್ಮಿ. ಪುಟಪುಟಕ್ಕೂ ಅದ. ಯಾಕ ಅಂತ ಗೊತ್ತಾಯ್ತಾ ಇಲ್ಲ. ಇನ್ನೊಂದ್ ತಿಂಗ್ಳು ತಡಿ."

ಯಾರ ಕೆಮ್ಮು, ಎಲ್ಲಿಯ ಕೆಮ್ಮು ಎಂದು ಆಗ ನಾನು ಕೇಳಬೇಕಿತ್ತು. ಕೇಳಲಿಲ್ಲ. ಇದು ಅವರು ತೀರ್ಪು ಹೇಳುವ ರೀತಿ ಎಂದುಕೊಂಡೆ. "ಬೇಡ ಸರ್. ಮುಂದಿನ ಸಲ ಬರುವಾಗ ತಂದುಕೊಡಿ, ಸಾಕು," ಎಂದೆ. ಅವರು ರಂಗಮಂದಿರದ ಆ ಕುರ್ಚಿಯಿಂದ ಜನರನ್ನು ನೋಡುವ ಹಾಗೆ ನನ್ನ ಮುಖವನ್ನು ನೋಡಿ, ಸರಿ ಎಂದು ಹತ್ತಿಕೊಂಡರು. ಮುಂದಿನ ತಿಂಗಳ ಸಂವಾದಕ್ಕೆ ನಾನು ಹೋಗಲಿಲ್ಲ. ಜ್ವರವೆಂದು ಹೇಳಿ ಕಳಿಸಿದೆ, ಜ್ವರ ಇರಲಿಲ್ಲ. ಅವರು ಚೀಲ ಹಿಡಿದುಕೊಂಡು ಬಂದಿದ್ದರಂತೆ, ನಾನೆಲ್ಲಿ ಎಂದು ಎರಡು ಸಲ ಕೇಳಿದರಂತೆ, ಚೀಲ ಹಿಡಿದುಕೊಂಡೇ ಹೋದರಂತೆ. ಅದಾದ ಮೂರು ವಾರಕ್ಕೆ, ಬೆಳಿಗ್ಗೆ ಪತ್ರಿಕೆ ಓದುತ್ತ ಕೂತಿದ್ದವರು ಹಾಗೆಯೇ ಒರಗಿಕೊಂಡರು ಎಂದು ಸುದ್ದಿ ಬಂತು. ಮೈಸೂರಿನ ತಂಡಕ್ಕೆ ನಾನು ಏನನ್ನೂ ಕಳಿಸಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಗುಂಡ್ಲುಪೇಟೆಗೆ ಹೋದೆ. ಅವರ ಹೆಂಡತಿ ನನ್ನನ್ನು ಅದುವರೆಗೆ ನೋಡಿರಲಿಲ್ಲ. ಹೆಸರು ಹೇಳಿದ ಕೂಡಲೇ ಒಳಗೆ ಹೋಗಿ ಆ ಚೀಲವನ್ನೇ ತಂದು ಕೊಟ್ಟರು. ಒಳಗೆ ನನ್ನ ನಾಟಕ ಇತ್ತು. ಜಗುಲಿಯಲ್ಲಿ ಕೂತು ಬಿಡಿಸಿದೆ.

ಮೊದಲ ಪುಟದಲ್ಲಿಯೇ ಹದಿನೇಳು ಚುಕ್ಕಿಗಳು. ಎರಡನೆಯದರಲ್ಲಿ ಇಪ್ಪತ್ತೆರಡು. ನಾಲ್ಕನೆಯ ಪುಟಕ್ಕೆ ಅಂಚಿನಲ್ಲಿ ಜಾಗ ಸಾಲದೆ ಸಾಲುಗಳ ನಡುವೆ ಇಟ್ಟಿದ್ದರು. ನನಗೆ ಪ್ರಿಯವಾದ ಮಾತುಗಳ ಪಕ್ಕದಲ್ಲಿ, ಕತೆಗೆ ಅಗತ್ಯವಾದ ಮಾತುಗಳ ಪಕ್ಕದಲ್ಲಿ, ಬರಿಯ "ಹೂಂ" ಎಂಬ ಮಾತಿನ ಪಕ್ಕದಲ್ಲಿ ಕೂಡ ಕೆಂಪು ಚುಕ್ಕಿ. ಅಷ್ಟು ಕೆಟ್ಟ ನಾಟಕ ನಮ್ಮ ರಂಗಮಂದಿರಕ್ಕೆ ಯಾವತ್ತೂ ಬಂದಿರಲಿಲ್ಲ. ಒಂದು ಪುಟದಲ್ಲಿ ಮಾತ್ರ ಏನೂ ಇರಲಿಲ್ಲ: ಮೂವತ್ತೊಂದು. ಅದನ್ನು ನಾನೇ ತೆಗೆಯುತ್ತೇನೆ ಎಂದಿದ್ದೆನಲ್ಲ, ಬಿಟ್ಟಿದ್ದಾರೆ ಎಂದುಕೊಂಡೆ. ಪುಟ ತಿರುವುವಾಗ ನಡುವಿನಿಂದ ಈರುಳ್ಳಿಯ ಒಣ ಸಿಪ್ಪೆಯೊಂದು ಜಾರಿ ನನ್ನ ಕಾಲ ಬಳಿ ಬಿತ್ತು.

"ಮಂಡೀದು ಅದು," ಎಂದರು ಅವರ ಹೆಂಡತಿ. "ದಿನಾ ಊಟ ಆದ್ಮ್ಯಾಲ ಇದನ್ನ ತಕ್ಕಂಡು ಅಲ್ಗೆ ಓಗೋರು. ಓದೋರಂತ."

ಮಂಡಿ ಬಸ್ ನಿಲ್ದಾಣದ ದಾರಿಯಲ್ಲೇ ಇತ್ತು. ಉದ್ದನೆಯ ತಗಡಿನ ಕೊಟ್ಟಿಗೆ, ಮುಂದೆ ಕೇರಳದ ಲಾರಿಗಳು. ಒಳಗೆ ಐದಾರು ಹೆಂಗಸರು ಈರುಳ್ಳಿ ರಾಶಿಯ ಸುತ್ತ ಕೂತು, ಕೊಳೆತದ್ದನ್ನು ಆರಿಸಿ, ಸಿಪ್ಪೆ ಉಜ್ಜಿ ಗೂಡೆಗೆ ಹಾಕುತ್ತಿದ್ದರು. ಬಾಗಿಲಲ್ಲಿ ಬಿಸಿಲು ಬಿದ್ದ ಕಡೆ ಧೂಳು ಹೊಗೆಯ ಹಾಗೆ ನಿಂತಿತ್ತು. ಹಣೆಗೆ ವಿಭೂತಿ ಹಚ್ಚಿದ್ದ ಯಜಮಾನರು ನನ್ನ ಕೈಯಲ್ಲಿದ್ದ ಪ್ರತಿ ನೋಡಿದರು.

"ಆ ಅಕ್ಕತಂಗೀರ ನಾಟ್ಕ ಬರ್ದೋಳು ನೀನೇನವ್ವ?"

ಹೌದು ಎಂದೆ. ಅಷ್ಟು ಹೇಳುವುದರೊಳಗೆ ಗಂಟಲು ಕೆರೆದು ಕೆಮ್ಮು ಬಂತು. ನಿಲ್ಲಿಸಲು ನೋಡಿದೆ, ಮತ್ತೆ ಬಂತು. ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದೆ. ಹೆಂಗಸರು ನಕ್ಕರು, ನಗುತ್ತ ಅವರಲ್ಲಿಬ್ಬರು ಕೆಮ್ಮಿದರು.

"ಸಾಹೇಬ್ರು ಇದ್ದಿದ್ರ ನಿಂಗೂ ಒಂದ್ ಚುಕ್ಕಿ ಇಡ್ತಿದ್ರು," ಎಂದರು ಯಜಮಾನರು.

ಆಗ ನನಗೆ ತಿಳಿಯಿತು. ಹಿಡಿದುಕೊಂಡಿದ್ದ ಪ್ರತಿಯನ್ನು ಈರುಳ್ಳಿ ಚೀಲದ ಮೇಲೆ ಇಟ್ಟು ಕೂತುಬಿಟ್ಟೆ. ನಾಲ್ಕು ತಿಂಗಳ ಕಾಲ, ಮಧ್ಯಾಹ್ನದ ಹೊತ್ತು ದಿನಕ್ಕೆ ಅರ್ಧ ಪುಟವೋ ಒಂದು ಪುಟವೋ, ಅವರು ನನ್ನ ನಾಟಕವನ್ನು ಇಲ್ಲಿ ಗಟ್ಟಿಯಾಗಿ ಓದಿದ್ದರು. ಹೆಂಗಸರು, ಹಮಾಲಿಗಳು, ಲೋಡಿಗೆ ಕಾಯುವ ಡ್ರೈವರುಗಳು ಕೇಳುತ್ತಿದ್ದರು. ಕನ್ನಡ ಅರ್ಧಂಬರ್ಧ ಬರುತ್ತಿದ್ದ ಮಲಯಾಳಿ ಡ್ರೈವರೊಬ್ಬ ಪ್ರತಿ ವಾರ ಬಂದಾಗಲೂ ತಂಗಿಯ ಕತೆ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದನಂತೆ. ಅಲ್ಲಿ ಕೂತು ಅವರು ಕೆಮ್ಮು ಎಣಿಸಿದ್ದರು. ಈರುಳ್ಳಿ ಮಂಡಿಯಲ್ಲಿ.

ಅವರಿಗೆ ಇದು ಹೊಳೆಯಲೇ ಇಲ್ಲವೇ ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಏರಿತ್ತು.

ಯಜಮಾನರು ಮೇಲಿನ ಫ್ಯಾನು ತೋರಿಸಿದರು. "ಅವ್ರು ಕೆಲ್ಸದಲ್ಲಿದ್ದಾಗ ನಂಗ ನೋಟೀಸ್ ಕೊಟ್ಟಿದ್ರು ಕಣವ್ವ. ಫ್ಯಾನ್ ಕೆಳಗ ತಕ್ಕಡಿ ಇಟ್ಟಿದ್ದಯ್, ಗಾಳಿ ತೂಕ ಆಗ್ತದ ಅಂತ. ಅಂತಾ ಮನ್ಸ, ಇಲ್ಲಿ ಕ್ವಂತ್ಕಂಡು ಯಾಕ ಇಷ್ಟು ಕೆಮ್ತರ, ಯಾಕ ಇಷ್ಟು ಕೆಮ್ತರ ಅಂತ ತಲ ಕೆರ್ಕತಿದ್ರು. ಮೂವತ್ತೊರ್ಸ ಇದೇ ಧೂಳಲ್ಲಿ ತಿರ್ಗಿ ತಿರ್ಗಿ ಅವ್ರಿಗ ಅದು ಗೊತ್ತೇ ಆಗ್ತಿರ್ನಿಲ್ಲ."

"ನೀವಾದರೂ ಹೇಳಬಹುದಿತ್ತಲ್ಲ."

"ಏಳುದ್ರ ಬ್ಯಾರೆ ಕಡ ಓದಕ ಓಗ್ಬುಡ್ತಿದ್ರು. ಆಮ್ಯಾಲ ಆ ತಂಗಿ ಯಾನ ಮಾಡುದ್ಲು ಅಂತ ನಮ್ಗ ಎಂಗ ಗೊತ್ತಾದದು?"

ಮೂಲೆಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬಳು ಕೈಕೆಲಸ ನಿಲ್ಲಿಸದೆ ಹೇಳಿದಳು: "ಆದ್ರ ಆ ದೊಡ್ಡೋಳ್ನ ನೀನು ಸುಲ್ಬುಕ್ಕ ಬುಟ್ಬುಟ್ಟಿದ್ದಯ್ ಕಣಮ್ಮಿ. ಅಷ್ಟ್ ಮಾಡ್ದೋಳ್ಗ ಅಷ್ಟು ಸಾಲ್ದು." ಉಳಿದವರು ಇಲ್ಲ, ಸಾಕು ಎಂದು ಅವಳ ಮೇಲೆ ಬಿದ್ದರು. ಇದು ಹಳೆಯ ಜಗಳವೆಂದು ಗೊತ್ತಾಗುತ್ತಿತ್ತು.

ಅವರ ಗಲಾಟೆ ಇಳಿಯುವ ತನಕ ಕಾದು, ನಾನು ಮೂವತ್ತೊಂದನೆಯ ಪುಟ ತೆಗೆದು ಯಜಮಾನರಿಗೆ ತೋರಿಸಿದೆ. ಪುಟದ ಸಂಖ್ಯೆಯಿಂದ ಅವರಿಗೆ ತಿಳಿಯಲಿಲ್ಲ, ಪ್ರಸಂಗ ಹೇಳಬೇಕಾಯಿತು. ಕರೆಂಟು ಹೋಗುತ್ತದೆ. ಕತ್ತಲಲ್ಲಿ ಅಕ್ಕ ನಡುಗೋಡೆಯ ಈಚೆಯಿಂದ, ಗೊತ್ತಿಲ್ಲದೆಯೇ, ತಂಗಿಯನ್ನು ಚಿಕ್ಕಂದಿನ ಹೆಸರಿನಿಂದ ಕರೆಯುತ್ತಾಳೆ. ಆಚೆಯಿಂದ ಒಂದು "ಓ" ಕೇಳುತ್ತದೆ. ಅಷ್ಟರಲ್ಲಿ ಕರೆಂಟು ಬರುತ್ತದೆ, ಇಬ್ಬರೂ ಮಾತಾಡುವುದಿಲ್ಲ. ಇದನ್ನು ಅವರು ಓದಲಿಲ್ಲ, ಅಲ್ಲವೇ ಎಂದೆ.

"ಓದುದ್ರಲ್ಲ. ಎರಡ್ ಸಲ ಓದುದ್ರು."

"ಆಗ ಯಾರೂ ಕೆಮ್ಮಲಿಲ್ಲವೇ?"

"ಕೆಮ್ದೆ ಇದ್ದೇವ? ಅವತ್ತು ಬಳ್ಳಾರಿ ಲೋಡು ಇಳುಸ್ತಿದ್ದೊ. ಎದ್ರಿಗಿರೋರ ಮೊಕ ಕಾಣ್ತಿರ್ನಿಲ್ಲ, ಅಷ್ಟು ಧೂಳು. ಎಲ್ರೂ ಕೆಮ್ಮುದ್ದೇ ಕೆಮ್ಮುದ್ದು." ಅವರು ಪುಟವನ್ನು ಕಣ್ಣ ಹತ್ತಿರ ಹಿಡಿದು, ಖಾಲಿ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ಅವ್ರೇ ಇಡ್ನಿಲ್ಲ. ಪೆನ್ಸಿಲ್ಲ ಕಿವಿ ಮ್ಯಾಲ ಸಿಗುಸ್ಕಂಡಿದ್ರು. ತಲ ಎತ್ತಿ ನಮ್ ಕಡ ನೋಡ್ನೇ ಇಲ್ಲ ಕಣವ್ವ."

ಬಸ್ಸಿನಲ್ಲಿ ಕೂತು, ಆ ಪುಟಕ್ಕೆ ನಾನು ಎಳೆದಿದ್ದ ಗೆರೆಯನ್ನು ಅಳಿಸಿದೆ. ರಬ್ಬರಿನ ಪುಡಿಯ ಜೊತೆ ಈರುಳ್ಳಿಯ ಧೂಳೂ ಮಡಿಲಿಗೆ ಬಿತ್ತು. ಚುಕ್ಕಿಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಅವು ಏನನ್ನೂ ಹೇಳುವುದಿಲ್ಲವೆಂದು ಗೊತ್ತು.

ಅವರನ್ನು ನೆನೆದಾಗ ಮೊದಲು ಬರುವುದು ಈಗಲೂ ಸಿಟ್ಟೇ. ಕಂಡವರೆಲ್ಲರ ನಾಟಕದ ಕೆಮ್ಮನ್ನು ಲೆಕ್ಕ ಹಾಕಿ ಹೇಳಿದವರು, ಆ ಒಂದು ಪುಟದಲ್ಲಿ ತಾವು ಎಣಿಸಲಿಲ್ಲ ಎಂದು ನನಗೆ ಹೇಳಬಹುದಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಾಗಲೇ ಹೇಳಬಹುದಿತ್ತು. ಗುಂಡ್ಲುಪೇಟೆ ಬಸ್ಸು ಪ್ರತಿ ಸಲವೂ ಹತ್ತು ನಿಮಿಷ ನಿಂತಿರುತ್ತಿತ್ತು.